ದೇಶವಿದೇಶದ ಕಾಡುಹೂಗಳು ಬೆಂಗಳೂರಿನ ಮನೆಯಂಗಳದಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಪಕ್ಕದಲ್ಲಿ ಒಂದಿಷ್ಟು ನೆರಳಿನ ಜಾಗವಿದೆ, ಗುಲಾಬಿ ಬರಲ್ಲ, ಚೆಂಡುಹೂ ಬರಲ್ಲ, ಏನು ಹಾಕಲಿ ಎಂದು ಕೇಳುವವರು ಬಹಳ. ಆ ಜಾಗಕ್ಕೆ ಹೇಳಿ ಮಾಡಿಸಿದ್ದು ಕಾಡಿನ ನೆಲದ ಹೂಗಳು. ಯಾವ ದೇಶದ ಹೂ ಇಲ್ಲಿ ಬಾಳುತ್ತದೆ, ಯಾವುದಕ್ಕೆ ದುಡ್ಡು ಹಾಕಬಾರದು ಎಂಬುದನ್ನು ಪ್ರಶ್ನೆ ಬಂದ ಹಾಗೆ ಬರೆದಿದ್ದೇನೆ.

ಕಾಡುಹೂ ಅಂದರೆ ಕಾಡಿನಲ್ಲಿ ಅರಳುವುದೆಲ್ಲಾ ಸೇರುತ್ತದಾ?

ಇಲ್ಲ. ಮುತ್ತುಗ, ಕಕ್ಕೆ ಮರದ ಹೂಗಳು. ನೀಲಕುರಿಂಜಿ ಬೆಟ್ಟದ ಹುಲ್ಲುಗಾವಲಿನದು, ಅದಕ್ಕೆ ಬಯಲು ಬೇಕು. ಇಲ್ಲಿ ಹೇಳುತ್ತಿರುವುದು ಮರದ ಬುಡದಲ್ಲಿ, ತರಗೆಲೆಗಳ ನಡುವೆ ಹುಟ್ಟಿ, ಸೋಸಿ ಬಂದ ಬಿಸಿಲಲ್ಲೇ ಬದುಕುವ ಪುಟ್ಟ ಗಿಡಗಳ ಬಗ್ಗೆ.

ಟ್ರಿಲಿಯಂ, ಬ್ಲೂಬೆಲ್, ಸ್ನೋಡ್ರಾಪ್ ಬೆಂಗಳೂರಿನಲ್ಲಿ ಬರುತ್ತವಾ?

ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಫೋಟೋ ನೋಡಿ ಆಸೆಪಡುವವರು ಹೆಚ್ಚಾಗಿ ಕೇಳುವುದು ಇವನ್ನೇ.

ಕಾರಣ ಬಿಸಿಲಲ್ಲ, ಚಳಿ ಸಾಲದಿರುವುದು. ಯುರೋಪು ಮತ್ತು ಉತ್ತರ ಅಮೆರಿಕದ ಆ ಕಾಡುಗಳಲ್ಲಿ ಚಳಿಗಾಲಕ್ಕೆ ಮರಗಳ ಎಲೆಯೆಲ್ಲಾ ಉದುರುತ್ತದೆ, ನೆಲ ಹಿಮದಡಿ ಮಲಗುತ್ತದೆ. ಹಿಮ ಕರಗಿದ ಮೇಲೆ ಮರಗಳು ಮತ್ತೆ ಚಿಗುರಿ ನೆರಳು ಕವಿಯುವಷ್ಟರಲ್ಲಿ ಕೆಲವೇ ವಾರ ಬಿಸಿಲು ನೆಲ ಮುಟ್ಟುತ್ತದೆ. ಅಷ್ಟರಲ್ಲೇ ಈ ಹೂಗಳು ಎದ್ದು, ಅರಳಿ, ಬೀಜ ಕಟ್ಟಿ ಮುಗಿಸಬೇಕು. ಚಳಿ ಕಳೆಯಿತು ಎಂಬ ಗುರುತು ಸಿಕ್ಕರೆ ಮಾತ್ರ ಗಡ್ಡೆ ಏಳುತ್ತದೆ. ಆ ಗುರುತಿಗೆ ಸುಮಾರು 5 ಡಿಗ್ರಿ ಸೆಲ್ಸಿಯಸ್‌ನ ತಂಪು ವಾರಗಟ್ಟಲೆ ಬೇಕು. ನಮ್ಮಲ್ಲಿ ಜನವರಿ ರಾತ್ರಿಯಲ್ಲೂ ಸಾಮಾನ್ಯವಾಗಿ 15 ಡಿಗ್ರಿ ಇರುತ್ತದೆ.

ಟ್ರಿಲಿಯಂ ತನ್ನ ಊರಿನಲ್ಲೇ ಬಲು ನಿಧಾನ. ಬಿಳಿ ಟ್ರಿಲಿಯಂ 1937ರಿಂದ ಕೆನಡಾದ ಒಂಟಾರಿಯೊ ಪ್ರಾಂತ್ಯದ ಹೂ. ಮೂರು ಎಲೆ, ಮೂರು ದಳ, ಅಷ್ಟೇ. ಬೀಜ ಬಿದ್ದರೆ ಒಂದು ಚಳಿಗಾಲ ಕಳೆದು ಬೇರು, ಇನ್ನೊಂದು ಚಳಿಗಾಲ ಕಳೆದು ಎಲೆ. ಹೂ ನೋಡಲು ಏಳು ವರ್ಷವಾದರೂ ಆಶ್ಚರ್ಯವಿಲ್ಲ. ಬೀಜಕ್ಕೆ ಕೊಬ್ಬಿನ ಒಂದು ಸಣ್ಣ ತುಣುಕು ಅಂಟಿಕೊಂಡಿರುತ್ತದೆ. ಇರುವೆಗಳು ಅದರ ಆಸೆಗೆ ಬೀಜ ಹೊತ್ತೊಯ್ದು, ತುಣುಕು ತಿಂದು, ಬೀಜವನ್ನು ಗೂಡಿನ ಕಸದಲ್ಲಿ ಬಿಸಾಡುತ್ತವೆ. ಅದು ಮೊಳೆಯುವುದು ಅಲ್ಲಿ. ಇಷ್ಟೆಲ್ಲಾ ನಂಟು ಇರುವ ಗಿಡವನ್ನು ಕಿತ್ತು ತಂದು ಕುಂಡದಲ್ಲಿ ಸಾಯಿಸುವುದು ಬೇಡ ಅಲ್ವಾ?

ಫ್ರಿಜ್ಜಿನಲ್ಲಿಟ್ಟು ಚಳಿ ಕೊಟ್ಟರೆ?

ಟುಲಿಪ್, ಹಯಸಿಂತ್ ಗಡ್ಡೆಗಳಿಗೆ ಈ ಉಪಾಯ ನಡೆಯುತ್ತದೆ. ಹತ್ತು ಹನ್ನೆರಡು ವಾರ ಫ್ರಿಜ್ಜಿನಲ್ಲಿಟ್ಟು ಡಿಸೆಂಬರ್‌ನಲ್ಲಿ ಕುಂಡಕ್ಕೆ ಹಾಕಿದರೆ ಒಂದು ಸಲ ಹೂ ಬರಬಹುದು. ಪಕ್ಕದಲ್ಲಿ ಸೇಬು, ಬಾಳೆ ಇಡಬೇಡಿ, ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಕೆಡುತ್ತದೆ. ಆದರೆ ಅದು ಒಂದು ಸಲದ ಸಂಭ್ರಮ, ಮರುವರ್ಷ ಆ ಗಡ್ಡೆಯಿಂದ ಏನೂ ನಿರೀಕ್ಷಿಸುವ ಹಾಗಿಲ್ಲ. ಸ್ನೋಡ್ರಾಪ್ ಗಡ್ಡೆಯಂತೂ ಮಣ್ಣಿನ ಹೊರಗೆ ಬೇಗ ಒಣಗುತ್ತದೆ.

ಹಾಗಾದರೆ ನಮಗೆ ಯಾವ ದೇಶದ ಹೂ ಸರಿ?

ದೇಶ ನೋಡಬೇಡಿ, ಆ ಗಿಡ ಯಾವಾಗ ಮಲಗುತ್ತದೆ ಎಂದು ನೋಡಿ. ಇದೊಂದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಚಳಿಗೆ ಮಲಗುವ ಗಿಡ ಇಲ್ಲಿ ಬದುಕುವುದಿಲ್ಲ. ಒಣಹವೆಗೆ ಮಲಗಿ ಮಳೆಗೆ ಏಳುವ ಗಿಡ ಇಲ್ಲಿ ಸೊಗಸಾಗಿ ಬದುಕುತ್ತದೆ. ನಮ್ಮ ಸಾವನದುರ್ಗದ, ಬನ್ನೇರುಘಟ್ಟದ ಕಾಡು ಮಾಡುವುದೂ ಅದನ್ನೇ. ಜನವರಿಯಿಂದ ಏಪ್ರಿಲ್‌ವರೆಗೆ ಒಣಗಿ ನಿಲ್ಲುತ್ತದೆ, ಮೊದಲ ಮಳೆಗೆ ನೆಲದಿಂದ ಹೂ ಏಳುತ್ತದೆ. ಇಂಥದೇ ಕಾಡುಗಳು ಆಫ್ರಿಕಾದಲ್ಲಿವೆ, ಥಾಯ್ಲೆಂಡ್‌ನಲ್ಲಿವೆ, ಮೆಕ್ಸಿಕೊದಲ್ಲಿವೆ. ಇನ್ನು ಕೆಲವು ಗಿಡಗಳು ವರ್ಷವಿಡೀ ಹಸಿರಾಗಿರುವ ಬೆಟ್ಟದ ಕಾಡಿನವು, ಮಲಗುವುದೇ ಇಲ್ಲ. ಅವಕ್ಕೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಹವೆ ಹಿಡಿಸುತ್ತದೆ.

ಆಫ್ರಿಕಾದಿಂದ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಫುಟ್‌ಬಾಲ್ ಲಿಲಿ. ಸ್ಕಾಡಾಕ್ಸಸ್ ಮಲ್ಟಿಫ್ಲೋರಸ್ ಎಂಬುದು ಅದರ ಶಾಸ್ತ್ರೀಯ ಹೆಸರು. ಬೇಸಿಗೆ ಮಳೆ ಎರಡು ಸಲ ಸರಿಯಾಗಿ ಬಿದ್ದರೆ ಸಾಕು, ಬರೀ ಮಣ್ಣಿನಿಂದ ಚುಕ್ಕೆಚುಕ್ಕೆಯ ದಪ್ಪ ದಂಟೊಂದು ಮೇಲೇಳುತ್ತದೆ. ಎಲೆ ಇನ್ನೂ ಇರುವುದೇ ಇಲ್ಲ. ತುದಿಯ ಮೊಗ್ಗು ಬಿರಿದಾಗ ಒಳಗಿನ ನೂರಾರು ಕೆಂಪು ಹೂಗಳು ಎಲ್ಲಾ ದಿಕ್ಕಿಗೂ ಚಾಚಿ ದುಂಡನೆಯ ಚೆಂಡಾಗುತ್ತವೆ. ಬಗ್ಗಿ ನೋಡಿದರೆ ಪ್ರತಿ ಹೂವಿನ ಕೇಸರದ ತುದಿಯಲ್ಲೂ ಹಳದಿ ಪುಡಿ ಕಾಣುತ್ತದೆ. ಒಂದೆರಡು ವಾರ ಈ ಚೆಂದ, ಆಮೇಲೆ ಅಗಲ ಎಲೆ, ದೀಪಾವಳಿ ಕಳೆದ ಮೇಲೆ ನಿದ್ದೆ.

ಆಫ್ರಿಕನ್ ವಯಲೆಟ್ ಟಾಂಜಾನಿಯಾದ ಉಸಂಬರಾ ಬೆಟ್ಟಗಳ ಕಾಡಿನದು. 1892ರಲ್ಲಿ ಅಲ್ಲಿದ್ದ ಜರ್ಮನ್ ಅಧಿಕಾರಿ ವಾಲ್ಟರ್ ಫಾನ್ ಸೇಂಟ್ ಪಾಲ್ ಅದನ್ನು ಯುರೋಪಿಗೆ ಕಳಿಸಿದ. ಪಾಚಿ ಕಟ್ಟಿದ ಬಂಡೆಗಳ ಸಂದಿಯಲ್ಲಿ ಬೆಳೆಯುವ ಗಿಡ ಇದು, ನೆಲಕ್ಕಿಂತ ಪೂರ್ವದ ಕಿಟಕಿಯೇ ಇದಕ್ಕೆ ಚೆನ್ನ. ಎಲೆಯ ಮೇಲೆ ತಣ್ಣೀರು ಬಿದ್ದರೆ ಕಲೆಯಾಗುತ್ತದೆ, ಕುಂಡದ ತಟ್ಟೆಗೆ ನೀರು ಹಾಕಿ ಕೆಳಗಿನಿಂದ ಹೀರಲು ಬಿಡಿ. ಒಂದು ಎಲೆಯನ್ನು ತೊಟ್ಟಿನ ಸಮೇತ ಮಣ್ಣಿಗೆ ಚುಚ್ಚಿದರೆ ಹೊಸ ಗಿಡ ಬರುತ್ತದೆ.

ದಕ್ಷಿಣ ಆಫ್ರಿಕಾದ ಕಾಡಿನ ಕ್ಲೈವಿಯಾ ಗಟ್ಟಿ ಗಿಡ, ದಟ್ಟ ನೆರಳನ್ನೂ ತಡೆಯುತ್ತದೆ. ಆದರೆ ಹೂದಂಟು ಮೂಡಲು ಚಳಿಗಾಲದಲ್ಲಿ ತಂಪು ರಾತ್ರಿ ಬೇಕು, ನೀರೂ ಕಡಿಮೆ ಬೇಕು. ಹಾಗಾಗಿ ಊಟಿಯಲ್ಲಿ ನೋಡಿದ ಹಾಗೆ ಇಲ್ಲಿ ಅರಳೀತು ಎಂದು ಲೆಕ್ಕ ಹಾಕಬೇಡಿ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಹೊರಗೇ ಇಡಿ. ಈ ಗಿಡಕ್ಕೆ 1828ರಲ್ಲಿ ಷಾರ್ಲೆಟ್ ಕ್ಲೈವ್ ಎಂಬಾಕೆಯ ಹೆಸರಿಟ್ಟರು. ಆಕೆಯ ತಂದೆ ಮದರಾಸಿನ ಗವರ್ನರ್ ಆಗಿದ್ದವರು. ಬಾಲಕಿಯಾಗಿದ್ದಾಗ, 1800ರಲ್ಲಿ, ತಾಯಿ ಮತ್ತು ಅಕ್ಕನ ಜೊತೆ ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ ನೋಡಿ ಹೋದವಳು ಆಕೆ. ನನಗೆ ಕ್ಲೈವಿಯಾ ಮೇಲೆ ಒಂದು ತೂಕ ಪ್ರೀತಿ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ.

ಆಗ್ನೇಯ ಏಷ್ಯಾದಿಂದ ಬಂದ ಟೊರೇನಿಯಾ ಒಂದು ವರ್ಷದ ಗಿಡ, ಮಳೆಗಾಲದ ನೆರಳಿಗೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ನೇರಳೆ ಹೂವಿನ ಬಾಯೊಳಗೆ ನೋಡಿ, ಎರಡು ಕೇಸರಗಳು ಬಾಗಿ ತುದಿಯಲ್ಲಿ ಕೂಡಿಕೊಂಡು ಕಮಾನು ಕಟ್ಟಿರುತ್ತವೆ. ಅದರ ಮೇಲಿನ ಶಲಾಕೆಯ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗದ, ತುದಿಗೆ ಎರಡು ತುಟಿ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಮುಚ್ಚಿಕೊಳ್ಳುತ್ತವೆ. ಮಕ್ಕಳಿಗೆ ತೋರಿಸಿ. ಬೀಜ ತಾನಾಗಿ ಉದುರಿ ಮರುವರ್ಷ ಕಲ್ಲು ಸಂದಿಯಲ್ಲೆಲ್ಲಾ ಸಸಿ ಏಳುತ್ತದೆ. ಥಾಯ್ಲೆಂಡ್‌ನ ಗ್ಲೋಬ್ಬಾ ಶುಂಠಿಯ ಸಂಬಂಧಿ. ನೇರಳೆ ಪಕಳೆಗಳ ನಡುವಿಂದ ಹಳದಿ ಹೂ ಜೋತು ಬೀಳುತ್ತವೆ, ಚಳಿಗಾಲದಲ್ಲಿ ಪೂರ್ತಿ ಮಾಯ.

ಅಮೆರಿಕ ಖಂಡದ ಕಡೆಯಿಂದ ಮೂರು ಹೆಸರು ಸಾಕು. ಮೆಕ್ಸಿಕೊ ಕಡೆಯ ಅಕಿಮೆನಿಸ್, ಪೈನ್ ಕಾಯಿಯ ಹಾಗಿರುವ ಪುಟಾಣಿ ಗಡ್ಡೆಯಿಂದ ಮಳೆಗಾಲವಿಡೀ ನೀಲಿ, ಗುಲಾಬಿ ಹೂ ಕೊಡುತ್ತದೆ. ಅಮೆಜಾನ್ ಲಿಲಿ, ಅಂದರೆ ಯೂಕಾರಿಸ್, ಪೆರು ಮತ್ತು ಎಕ್ವಡಾರ್ ಕಾಡಿನ ಪರಿಮಳದ ಬಿಳಿ ಹೂ. ಕುಂಡದ ತುಂಬ ಒತ್ತೊತ್ತಾಗಿ ಗಡ್ಡೆ ಸೇರಿದ ಮೇಲೆಯೇ ಚೆನ್ನಾಗಿ ಹೂ ಬಿಡುವುದರಿಂದ ಪದೇ ಪದೇ ಕೀಳಬೇಡಿ. ಬ್ರೆಜಿಲ್‌ನ ಬಿಗೋನಿಯಾ ನಿಮಗೆ ಗೊತ್ತೇ ಇದೆ.

ನಮ್ಮದೇ ಕಾಡಿನ ಹೂಗಳನ್ನು ಬಿಟ್ಟು ಹೊರಗಿನವು ಯಾಕೆ?

ಬಿಡಬೇಡಿ. ಅರ್ಧ ಜಾಗ ನಮ್ಮವಕ್ಕೇ ಕೊಡಿ ಎನ್ನುವುದು ನನ್ನ ಒತ್ತಾಯ. ನೆಲಸಂಪಿಗೆಯನ್ನೇ ನೋಡಿ. ಏಪ್ರಿಲ್ ಹೊತ್ತಿಗೆ ಎಲೆಯಿಲ್ಲದೆ, ದಂಟಿಲ್ಲದೆ, ಬಿಳಿ ಮತ್ತು ನೇರಳೆ ಹೂ ಸೀದಾ ಮಣ್ಣಿನಿಂದಲೇ ಬರುತ್ತದೆ, ಘಮವೂ ಇದೆ. ಎಲೆ ಬರುವುದು ಆಮೇಲೆ, ಅದರ ಅಡಿಭಾಗ ನೇರಳೆ. ಯುರೋಪಿನ ವಸಂತದ ಹೂ ಬೇಕು ಎಂದು ಹಂಬಲಿಸುವವರಿಗೆ ನಮ್ಮ ನೆಲ ಕೊಟ್ಟಿರುವ ಉತ್ತರ ಇದು.

ಕಾಡು ಅರಿಶಿನದ ಗುಲಾಬಿ ತೆನೆ, ಕನಕಾಂಬರ, ಅಗ್ನಿಶಿಖೆ ಬಳ್ಳಿ ಇವೆಲ್ಲಾ ಸೋಸಿದ ಬಿಸಿಲಲ್ಲಿ ಚೆನ್ನಾಗಿ ಬರುತ್ತವೆ. ಅಗ್ನಿಶಿಖೆಗೆ ಬುಡ ನೆರಳಲ್ಲಿ, ತಲೆ ಬೆಳಕಲ್ಲಿ ಇರಬೇಕು. ಗೌರಿ ಹಬ್ಬದ ಹೊತ್ತಿಗೆ ಅರಳುವ ಕರ್ಣಕುಂಡಲ ಬೀಜ ಚೆಲ್ಲಿದರೆ ಸಾಕು. ಬಲಿತ ಕಾಯಿ ಮುಟ್ಟಿದೊಡನೆ ಸಿಡಿದು ಬೀಜ ತಾನೇ ಎರಚುತ್ತದೆ.

ಸೆಟ್‌ಬ್ಯಾಕ್ ಜಾಗದಲ್ಲಿ ಬಿಸಿಲೇ ಬೀಳಲ್ಲ. ಬೆಳೆಯಬಹುದಾ?

30×40 ಸೈಟಿನ ಮನೆಗೂ ಕಾಂಪೌಂಡಿಗೂ ನಡುವಿನ ಮೂರಡಿ ಓಣಿ ನಮ್ಮ ಊರಿನ ಬಹುಪಾಲು ಜನರ ಕಾಡು. ಆದರೆ ನೆರಳಲ್ಲಿ ಬಗೆಯಿದೆ. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಕೈ ಚಾಚಿ. ನೆಲದ ಮೇಲೆ ಮಸುಕಾದರೂ ನೆರಳು ಕಂಡರೆ ಮೇಲೆ ಹೇಳಿದ ಗಿಡಗಳಲ್ಲಿ ಹೆಚ್ಚಿನವು ಹೂ ಬಿಡುತ್ತವೆ. ನೆರಳೇ ಕಾಣದಿದ್ದರೆ ಕ್ಲೈವಿಯಾ, ಯೂಕಾರಿಸ್ ಎಲೆ ಹಸಿರಾಗಿ ಇರುತ್ತವೆ, ಹೂ ಅಪರೂಪ. ಎದುರಿನ ಗೋಡೆಗೆ ಬಿಳಿ ಸುಣ್ಣ ಹೊಡೆದರೆ ಬೆಳಕು ಎಷ್ಟು ಹೆಚ್ಚುತ್ತದೆ ಎಂದು ನೋಡಿಯೇ ನಂಬಬೇಕು.

ಮಾವು, ಹೊಂಗೆ, ಸಂಪಿಗೆ ಮರದ ಕೆಳಗೆ ಜಾಗವಿದ್ದರೆ ನೀವು ಅದೃಷ್ಟವಂತರು. ಬೇರು ಕಡಿಯಬೇಡಿ, ಬೇರುಗಳ ನಡುವಿನ ಸಂದಿಯಲ್ಲಿ ಚಿಕ್ಕ ಗಡ್ಡೆಗಳನ್ನು ನೆಡಿ.

ಮಣ್ಣು ಹೇಗಿರಬೇಕು?

ಕಾಡುಹೂವಿಗೆ ಎಲ್ಲಕ್ಕಿಂತ ಮುಖ್ಯ ಮಣ್ಣು. ಸೆಟ್‌ಬ್ಯಾಕ್‌ನಲ್ಲಿ ಒಂದಡಿ ಅಗೆದು ನೋಡಿ, ಇಟ್ಟಿಗೆ ಚೂರು, ಗಾರೆ, ಸಿಮೆಂಟು ಸಿಗುತ್ತದೆ. ಮನೆ ಕಟ್ಟಿದಾಗ ಹೂತದ್ದು. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ ಗಿಡಕ್ಕೆ ಕಬ್ಬಿಣ ಸಿಗದೆ ಎಲೆ ಹಳದಿ ತಿರುಗುತ್ತದೆ. ಆಗ ಎಷ್ಟು ಗೊಬ್ಬರ ಹಾಕಿದರೂ ಪ್ರಯೋಜನವಿಲ್ಲ. ಅದನ್ನೆಲ್ಲಾ ತೆಗೆದು ಹೊಸ ಮಣ್ಣು ತುಂಬಿ: ಒಂದು ಪಾಲು ಕೆಮ್ಮಣ್ಣು, ಎರಡು ಪಾಲು ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳು, ಮೇಲೆ ಒಂದೆರಡು ಹಿಡಿ ಬೇವಿನ ಹಿಂಡಿ.

ಎಲೆಗೊಬ್ಬರ ಕೊಳ್ಳಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ರಸ್ತೆಗಳ ತುಂಬಾ ತರಗೆಲೆ ಬೀಳುತ್ತದೆ. ಗುಡಿಸಿ ಗುಡ್ಡೆ ಹಾಕಿದ್ದನ್ನು ಯಾರಾದರೂ ಬೆಂಕಿ ಹಚ್ಚುವ ಮೊದಲು ಕೇಳಿ ತನ್ನಿ, ಪ್ಲಾಸ್ಟಿಕ್ ಆರಿಸಿ ತೆಗೆಯಿರಿ. ಗೋಣಿಚೀಲಕ್ಕೆ ತುಂಬಿ, ನೆನೆಸಿ, ಮೂಲೆಯಲ್ಲಿಡಿ, ವಾರಕ್ಕೊಮ್ಮೆ ನೀರು ಚಿಮುಕಿಸಿ. ಮಳೆಮರದ ಪುಟ್ಟ ಎಲೆ ಬೇಗ ಕೊಳೆಯುತ್ತದೆ. ಮಾವು, ಹಲಸಿನ ಎಲೆ ಒರಟು, ಚೂರು ಮಾಡಿ ಹಾಕಿ. ನೀಲಗಿರಿ ಎಲೆ ಬೇಡ. ಒಂದು ವರ್ಷದೊಳಗೆ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಕಾಡಿನ ವಾಸನೆ ಬರುವ ಗೊಬ್ಬರ ಕೈಯಲ್ಲಿರುತ್ತದೆ. ಅರ್ಧ ಕೊಳೆತದ್ದನ್ನು ಗಿಡಗಳ ನಡುವೆ ಎರಡು ಇಂಚು ಹಾಸಿ.

ತರಗೆಲೆ ಹಾಸಿದರೆ ಹಾವು ಬರುತ್ತದಾ?

ಹಾವು ಬರುವುದು ಇಲಿ ಹುಡುಕಿಕೊಂಡು, ಅಡಗಲು ಬಿಲ ಹುಡುಕಿಕೊಂಡು. ಇಟ್ಟಿಗೆ ರಾಶಿ, ಹಳೇ ಮರದ ಸಾಮಾನು, ಅಡುಗೆಮನೆ ಕಸ ಅಲ್ಲಿ ಬಿಡಬೇಡಿ. ಎಲೆ ಹಾಸು ಎರಡು ಇಂಚು ಮೀರದಿರಲಿ, ಕೈ ಹಾಕುವ ಮೊದಲು ಕೋಲಿನಿಂದ ಸರಿಸಿ.

ನೀರು ಎಲ್ಲಿಂದ ತರೋಣ?

ಮಾರ್ಚ್ 2024ರ ನೀರಿನ ಬರ ಯಾರಿಗೂ ಮರೆತಿರಲಾರದು. ಗಿಡಗಳಿಗೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಗ ಆದೇಶ ಹೊರಡಿಸಿತ್ತು. ಬೇಸಿಗೆಗೆ ಮಲಗುವ ಗಿಡಗಳನ್ನು ಆರಿಸಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ನೀರಿಲ್ಲದ ಫೆಬ್ರವರಿ, ಮಾರ್ಚ್‌ನಲ್ಲಿ ಅವಕ್ಕೆ ನೀರು ಬೇಕಿಲ್ಲ. ಹಾಕಿದರೆ ಗಡ್ಡೆ ಕೊಳೆಯುತ್ತದೆ.

ಉಳಿದ ಗಿಡಗಳಿಗೆ ಅಕ್ಕಿ, ತರಕಾರಿ ತೊಳೆದ ನೀರು ಚೆನ್ನ. ಬೋರ್‌ವೆಲ್ ನೀರಿನಲ್ಲಿ ಉಪ್ಪಿನ ಅಂಶ ಜಾಸ್ತಿ, ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟುವುದು ಅದೇ. ವಾಟರ್ ಫಿಲ್ಟರ್ ಹೊರಬಿಡುವ ನೀರು ಅದಕ್ಕಿಂತ ಕೆಟ್ಟದ್ದು, ವಯಲೆಟ್‌ಗಂತೂ ಹಾಕಲೇಬೇಡಿ. ಮಳೆನೀರು ಒಂದು ಡ್ರಮ್ಮಿನಲ್ಲಿ ಹಿಡಿದು, ಸೊಳ್ಳೆ ಬಾರದ ಹಾಗೆ ಬಟ್ಟೆ ಕಟ್ಟಿ ಮುಚ್ಚಿಡಿ.

ಗಿಡ ಪೂರ್ತಿ ಒಣಗಿ ಕಾಣೆಯಾಯಿತು. ಸತ್ತುಹೋಯಿತಾ?

ಅತಿ ಹೆಚ್ಚು ಗಡ್ಡೆಗಳು ಸಾಯುವುದು ಈ ಅನುಮಾನದಿಂದ. ನವೆಂಬರ್‌ನಲ್ಲಿ ಎಲೆ ಹಳದಿಯಾಗುತ್ತದೆ, ನೀರು ಸಾಲದೇನೋ ಎಂದು ಸುರಿಯುತ್ತಾರೆ. ಇಲ್ಲವೇ ಸತ್ತಿತು ಎಂದು ಮಣ್ಣು ಸಮೇತ ಎಸೆಯುತ್ತಾರೆ. ಸ್ವಾತಿ, ವಿಶಾಖ ಮಳೆ ಮುಗಿದ ಮೇಲೆ ಎಲೆ ಬಾಡುವುದು ಫುಟ್‌ಬಾಲ್ ಲಿಲಿ, ಗ್ಲೋಬ್ಬಾ, ನೆಲಸಂಪಿಗೆ, ಅಕಿಮೆನಿಸ್, ಅಗ್ನಿಶಿಖೆಗಳಿಗೆ ಸಹಜ. ಹಳದಿಯಾದ ಎಲೆಯನ್ನು ಕತ್ತರಿಸಬೇಡಿ. ಅದರ ಸತ್ವವೆಲ್ಲಾ ಗಡ್ಡೆಗೆ ಇಳಿಯುತ್ತಿರುತ್ತದೆ, ತಾನಾಗಿ ಕಳಚಿ ಬೀಳಲಿ. ಕುಂಡವನ್ನು ಮಳೆ ತಾಗದ ಜಾಗಕ್ಕೆ ಸರಿಸಿ ಸುಮ್ನೆ ಬಿಡಿ. ನೆಲದಲ್ಲಿದ್ದರೆ ಒಂದು ಕಡ್ಡಿ ನೆಟ್ಟು ಗುರುತಿಡಿ, ಇಲ್ಲವಾದರೆ ಅಲ್ಲೇ ಇನ್ನೇನೋ ಅಗೆಯುತ್ತೀರಿ.

ನೆಡಲು ಯಾವ ತಿಂಗಳು ಒಳ್ಳೆಯದು?

ಭರಣಿ ಮಳೆ ಸುರಿದರೆ ಧರಣಿಯೆಲ್ಲಾ ಬೆಳೆ ಎಂಬ ಗಾದೆ ಈ ಗಡ್ಡೆಗಳಿಗೂ ಸಲ್ಲುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಗಡ್ಡೆ ನೆಡಿ. ಟೊರೇನಿಯಾ, ಕರ್ಣಕುಂಡಲದ ಬೀಜ ಜೂನ್‌ನಲ್ಲಿ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅಷ್ಟರಲ್ಲಿ ಬೇರು ಊರಿರಬೇಕು.

ಬಸವನಹುಳು ಎಲ್ಲವನ್ನೂ ತಿಂದುಹಾಕುತ್ತಿದೆ. ಏನು ಮಾಡಲಿ?

ಅಂಗೈಯಷ್ಟು ದೊಡ್ಡದಾಗುವ ಇದು ಪೂರ್ವ ಆಫ್ರಿಕಾದ ದೈತ್ಯ ಬಸವನಹುಳು. 1847ರಲ್ಲಿ ಕಲ್ಕತ್ತೆಗೆ ತಂದು ಬಿಟ್ಟದ್ದು ಇವತ್ತು ನಮ್ಮ ಕಾಂಪೌಂಡ್ ಗೋಡೆ ಹತ್ತುತ್ತಿದೆ. ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಹೊರಡಿ. ಕೈಗವಸು ಹಾಕಿಯೇ ಮುಟ್ಟಿ, ಇದು ಮಿದುಳಿಗೆ ಸೋಂಕು ತರುವ ಹುಳವನ್ನು ಹೊತ್ತಿರಬಹುದು. ಹೆಕ್ಕಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಆ ಉಪ್ಪುನೀರು ಗಿಡದ ಬುಡಕ್ಕೆ ಚೆಲ್ಲಬಾರದು. ಮಣ್ಣು ಕೆದಕಿದಾಗ ಬಟಾಣಿಗಿಂತ ಚಿಕ್ಕ, ತಿಳಿ ಹಳದಿ ಮೊಟ್ಟೆಗಳ ಗೊಂಚಲು ಸಿಕ್ಕರೆ ಅದನ್ನೂ ತೆಗೆಯಿರಿ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ನಾಯಿ, ಬೆಕ್ಕಿಗೆ ವಿಷ, ಮನೆಯಂಗಳಕ್ಕೆ ಅದು ಬೇಡವೇ ಬೇಡ.

ಲಿಲಿ, ಅಗ್ನಿಶಿಖೆ ಎಲೆಗಳನ್ನು ರಾತ್ರೋರಾತ್ರಿ ಮುಕ್ಕುವುದು ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆಯ ಕಂಬಳಿಹುಳು. ಬೆಳಿಗ್ಗೆ ಎಲೆ ಮಗುಚಿ ನೋಡಿ, ಕೈಯಲ್ಲೇ ತೆಗೆಯಬಹುದು.

ಮಕ್ಕಳು, ನಾಯಿ ಇರುವ ಮನೆಗೆ ಅಪಾಯವಾ?

ಗೊತ್ತಿರಬೇಕು. ಅಗ್ನಿಶಿಖೆ ಗಡ್ಡೆಯಲ್ಲಿ ಕಾಲ್ಚಿಸೀನ್ ಎಂಬ ವಿಷ ಇದೆ, ಜೀವಕ್ಕೇ ಅಪಾಯ. ಫುಟ್‌ಬಾಲ್ ಲಿಲಿ, ಕ್ಲೈವಿಯಾ, ಯೂಕಾರಿಸ್ ತಿಂದರೆ ವಾಂತಿ, ಹೊಟ್ಟೆನೋವು. ಅರಿಶಿನ, ಶುಂಠಿ, ಸುವರ್ಣಗಡ್ಡೆ ಬೆಳೆಯುವ ಮಡಿಯಲ್ಲಿ ಇವನ್ನು ಎಂದಿಗೂ ಸೇರಿಸಬೇಡಿ, ಎಲೆ ಒಣಗಿದ ಮೇಲೆ ಯಾವ ಗಡ್ಡೆ ಯಾವುದೆಂದು ತಿಳಿಯುವುದಿಲ್ಲ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅಗ್ನಿಶಿಖೆ ಬಿಟ್ಟೇಬಿಡಿ. ಯಾರಾದರೂ ತಿಂದರೆ ಮನೆಮದ್ದು ಮಾಡುತ್ತಾ ಕೂರದೆ, ಗಿಡದ ತುಂಡು ಹಿಡಿದು ಆಸ್ಪತ್ರೆಗೆ ಹೋಗಿ.

ವಿದೇಶದಿಂದ ಬರುವ ನೆಂಟರ ಕೈಲಿ ಬೀಜ, ಗಡ್ಡೆ ತರಿಸಬಹುದಾ?

ಸುಮ್ನೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರ್ಮಿಟ್ ಬೇಕು, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇದು ಬರೀ ಕಾಗದದ ಕಾಟವಲ್ಲ. ಬೇರಿಗಂಟಿದ ಚಿಟಿಕೆ ಮಣ್ಣಿನಲ್ಲಿ ಬರುವ ರೋಗ ನಮ್ಮ ಶುಂಠಿ, ಕಾಫಿ, ಏಲಕ್ಕಿ ತೋಟಗಳಿಗೆ ತಗಲಬಹುದು.

ತೋಟದಿಂದ ಹೊರಗೆ ಹಬ್ಬುವ ಗಿಡಗಳ ಬಗ್ಗೆಯೂ ಎಚ್ಚರ ಬೇಕು. ಲಂಟಾನ ಕೂಡ ಅಂದದ ತೋಟದ ಗಿಡವೆಂದೇ ಬಂದದ್ದು, ಇವತ್ತು ಬಂಡೀಪುರದ ಕಾಡಿನೊಳಗೆ ಹುಲ್ಲು ಬೆಳೆಯಲು ಬಿಡುತ್ತಿಲ್ಲ. ನೆರಳಿಗೆ ಹಸಿರು ಹಾಸು ಎಂದು ಮಾರುವ ಸಿಂಗಪುರ್ ಡೇಸಿ ಪ್ರಪಂಚದ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕೆರೆಯಂಚಿನ ಬಡಾವಣೆಯವರು ಅದನ್ನು ನೆಡಲೇಬಾರದು. ಕತ್ತರಿಸಿದ ತುಂಡುಗಳನ್ನು ಖಾಲಿ ಸೈಟಿಗೆ ಎಸೆಯಬೇಡಿ.

ಟ್ರೆಕ್ಕಿಂಗ್ ಹೋದಾಗ ಕಾಡಿನಿಂದ ಒಂದು ಗಡ್ಡೆ ತಂದರೆ ತಪ್ಪಾ?

ತಪ್ಪು. ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧ. ಒಬ್ಬರು ಒಂದು ತಂದರೆ ಏನಾಗುತ್ತದೆ ಎನ್ನಬೇಡಿ, ವಾರಾಂತ್ಯಕ್ಕೆ ಅದೇ ದಾರಿಯಲ್ಲಿ ಎಷ್ಟು ಜನ ನಡೆಯುತ್ತಾರೆ ನೋಡಿ. ಫೋಟೋ ತೆಗೆದುಕೊಳ್ಳಿ, ಹೆಸರು ಕಂಡುಹಿಡಿಯಿರಿ, ತೋಟದಲ್ಲಿ ಬೆಳೆಸಿದವರಿಂದ ಪಡೆಯಿರಿ.

ಬರೀ ಬಾಲ್ಕನಿ ಇದ್ದರೆ?

ಪೂರ್ವ ಅಥವಾ ಉತ್ತರದ ಬಾಲ್ಕನಿಯಾದರೆ ವಯಲೆಟ್, ಬಿಗೋನಿಯಾ, ಅಕಿಮೆನಿಸ್, ಟೊರೇನಿಯಾ ಆರಾಮ. ಅಕಿಮೆನಿಸ್ ತೂಗುಕುಂಡದಲ್ಲೇ ಚೆಂದ. ಪಶ್ಚಿಮದ ಬಾಲ್ಕನಿಯ ಸಂಜೆ ಬಿಸಿಲು ಇವಕ್ಕೆ ಆಗುವುದಿಲ್ಲ.

ಗಿಡ, ಗಡ್ಡೆ ಎಲ್ಲಿ ಸಿಗುತ್ತದೆ?

ಲಾಲ್‌ಬಾಗ್ ಒಳಗಿನ ನರ್ಸರಿ ಮತ್ತು ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಬಿಗೋನಿಯಾ, ಟೊರೇನಿಯಾ ಸುಲಭ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ಮಳಿಗೆಗಳಲ್ಲಿ ಗಡ್ಡೆಗಳು ಬರುತ್ತವೆ, ಆದರೆ ಜನವರಿಯಲ್ಲಿ ಕೊಂಡ ಮಳೆಗಾಲದ ಗಡ್ಡೆಯನ್ನು ಕೂಡಲೇ ನೆಡಬೇಡಿ. ಕಾಗದದಲ್ಲಿ ಸುತ್ತಿ ಏಪ್ರಿಲ್‌ವರೆಗೆ ಒಣ ಜಾಗದಲ್ಲಿಡಿ. ಒತ್ತಿ ನೋಡಿ ಕೊಳ್ಳಿ, ಗಡ್ಡೆ ಈರುಳ್ಳಿಯಷ್ಟು ಗಟ್ಟಿಯಿರಬೇಕು, ಬುಡ ಮೆತ್ತಗಿದ್ದರೆ ಬೇಡ. ಫುಟ್‌ಬಾಲ್ ಲಿಲಿ, ನೆಲಸಂಪಿಗೆ ಮಾತ್ರ ನರ್ಸರಿಗಿಂತ ಮನೆಗಳಲ್ಲೇ ಜಾಸ್ತಿ ಇವೆ. ಹಳೇ ಬಡಾವಣೆಗಳಲ್ಲಿ ಮೇ ತಿಂಗಳಲ್ಲಿ ಬೆಳಗಿನ ವಾಕಿಂಗ್ ಹೋಗುವಾಗ ಕಾಂಪೌಂಡ್ ಒಳಗೆ ಕೆಂಪು ಚೆಂಡು ಕಂಡರೆ ಗೇಟ್ ತಟ್ಟಿ ಕೇಳಿ. ಎಲೆ ಒಣಗಿದ ಮೇಲೆ, ಡಿಸೆಂಬರ್‌ನಲ್ಲಿ, ಮರಿಗಡ್ಡೆ ಬಿಡಿಸಿ ಕೊಡುತ್ತಾರೆ.